ಎರಡು ದಡ, ಒಂದೇ ವೇಗ

ತೂಗುಸೇತುವೆ ಕೆಲಸದಲ್ಲಿ ಒಂದು ದಡದವರು ಮುಂದೆ ಓಡಿದರೆ ಅದು ಲಾಭ ಅಲ್ಲ. ಪ್ಲಾನಿಂಗ್ ನೋಡಿಕೊಳ್ಳುವ ನನಗೆ ಇದನ್ನು ಸೈಟಿನಲ್ಲಿ ಎಲ್ಲರಿಗೂ ಮನದಟ್ಟು ಮಾಡಿಸುವುದೇ ದೊಡ್ಡ ಕೆಲಸ.

ಕಾಸರಗೋಡಿನ ಮೂಡು ಭಾಗದವರಿಗೆ ತೂಗುಸೇತುವೆ ಹೊಸತಲ್ಲ. ನಮ್ಮ ಪಯಸ್ವಿನಿ ಹೊಳೆಗೇ, ಮೇಲೆ ಸುಳ್ಯದ ಅರಂಬೂರಿನಲ್ಲಿ, ಎಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಇಲ್ಲಿ ಹೊಳೆಯಲ್ಲಿ ಕೆಲಸ ಮಾಡಲು ಸಿಗುವುದು ತುಲಾ ಮಳೆ (ಹಿಂಗಾರು) ನಿಂತ ಮೇಲಿನ ಕೆಲವೇ ತಿಂಗಳು. ಜೂನ್ ಬಂತೆಂದರೆ ಮುಗಿಯಿತು. ಹಾಗಾಗಿ ಎಲ್ಲರಿಗೂ ಅವಸರ.

ಕೇಬಲಿನ ಎಳೆತವನ್ನೆಲ್ಲ ಹಿಡಿದು ನಿಲ್ಲಿಸುವುದು ಎರಡು ದಡದ ಕಾಂಕ್ರೀಟ್ ಆಂಕರ್. ಕಾಂಕ್ರೀಟಿನ ಬಲವನ್ನು ಲೆಕ್ಕ ಹಿಡಿಯುವುದು ಹಾಕಿದ 28 ದಿನಕ್ಕೆ. ಆ ದಿನಗಳನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಆದರೆ ಜಾಸ್ತಿ ವಾದ ಆಗುವುದು ಹಲಗೆ ಜೋಡಿಸುವಾಗ. ರಸ್ತೆ ಇರುವ ದಡಕ್ಕೆ ಸಾಮಾನು ಬೇಗ ಬರುತ್ತದೆ. "ಜನ ಸುಮ್ನೆ ಕೂತಿದ್ದಾರೆ, ಈ ಕಡೆಯಿಂದ ಹಾಕಿಕೊಂಡು ಹೋಗೋಣ ಅಲ್ವಾ?" ಎಂದು ಮೇಸ್ತ್ರಿ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಬೇರೆ ಸೇತುವೆಯಾದರೆ ನಡೆಯುತ್ತಿತ್ತು. ಇಲ್ಲಿ ಭಾರ ಬಿದ್ದ ಕಡೆ ಕೇಬಲ್ ತಗ್ಗುತ್ತದೆ, ಇನ್ನೊಂದು ಕಡೆ ಏಳುತ್ತದೆ. ಕೇಬಲಿನಿಂದ ಹಲಗೆಯನ್ನು ತೂಗುಹಾಕುವ ಹ್ಯಾಂಗರ್‌ಗಳು ಓರೆಯಾಗುತ್ತವೆ, ಜೋಡಣೆ ಕೂರುವುದಿಲ್ಲ. ಅದಕ್ಕೇ ಇತ್ತ ಒಂದು, ಅತ್ತ ಒಂದು. ಎರಡೂ ದಡದ ಮೇಸ್ತ್ರಿಗಳು ಫೋನಿನಲ್ಲಿ ಹೇಳಿಕೊಂಡೇ ಮುಂದಿನದನ್ನು ಎತ್ತಬೇಕು. ನಿಧಾನದ ದಡಕ್ಕೇ ನಾನು ಹೆಚ್ಚು ಜನ, ಹೆಚ್ಚು ದೋಣಿ ಕೊಡುತ್ತೇನೆ. ಮುಂದಿರುವವರನ್ನು ಹೊಗಳುವುದಿಲ್ಲ.

ಹ್ಯಾಂಗರ್‌ಗಳನ್ನು ಮೊದಲೇ ಕತ್ತರಿಸಿಡುವುದೂ ಬೇಡ. ಜಪಾನಿನ ಅಕಾಶಿ ಕೈಕ್ಯೋ ಸೇತುವೆಗೆ ಗೋಪುರ, ಕೇಬಲ್ ಆಗಿದ್ದಾಗ 1995ರ ಜನವರಿಯ ಭೂಕಂಪ ಬಂತು. ಎರಡು ಗೋಪುರಗಳ ನಡುವಿನ 1990 ಮೀಟರ್ ಅಂತರ ಸುಮಾರು 1 ಮೀಟರ್ ಹೆಚ್ಚಾಯಿತು. ರಸ್ತೆಯ ಭಾಗ ಇನ್ನೂ ತೂಗುಹಾಕಿರಲಿಲ್ಲ. ಹಾಗಾಗಿ ಹ್ಯಾಂಗರ್, ರಸ್ತೆ ಹೊರುವ ಗರ್ಡರ್‌ಗಳ ಅಳತೆ ತಿದ್ದಿಕೊಳ್ಳಲು ಆಯಿತು. 1998ರಲ್ಲಿ ಸೇತುವೆ ತೆರೆಯಿತು. ನಮ್ಮದು ಅದರ ಮುಂದೆ ಬಹಳ ಸಣ್ಣದು, ಆದರೂ ಕೇಬಲ್ ಕೂತ ಮೇಲೆ ಅಳೆದು, ಆಮೇಲೆ ಕತ್ತರಿಸುವ ಕ್ರಮವನ್ನೇ ಹಿಡಿದಿದ್ದೇನೆ.

ಆ ಅಳತೆಗೂ ಹೊತ್ತು ಇದೆ. ಬಿಸಿಲಿಗೆ ಉಕ್ಕು ಹಿಗ್ಗಿ ಕೇಬಲ್ ಇಳಿಯುತ್ತದೆ. ದೊಡ್ಡ ಸೇತುವೆಗಳಲ್ಲಿ ರಾತ್ರಿಯೇ ಅಳೆಯುತ್ತಾರೆ. ನಾನು ಸರ್ವೆಯವರನ್ನು ಬೆಳಗಿನ ಜಾವಕ್ಕೆ ಬರಹೇಳುತ್ತೇನೆ. ಹತ್ತು ಗಂಟೆಗೆ ಬಂದರೆ ಆ ದಿನದ ಅಳತೆ ಬಿಟ್ಟು, ಮರುದಿನಕ್ಕೆ ಇಡುತ್ತೇನೆ.