ಆ ಅಪ್ಪನಿಗೆ ಶಿಕ್ಷೆ ಇಲ್ವಾ?

ಕಳೆದ ಜುಲೈಯಲ್ಲಿ ರೆಡ್ ಅಲರ್ಟ್ ಅಂತ ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟಿದ್ದರು. ಮಂಗಳೂರಿನ ಬಿಜೈಯ ನಮ್ಮ ಫ್ಲ್ಯಾಟಿನಲ್ಲಿ ಬೆಳಿಗ್ಗೆಯೇ ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಇನ್ವರ್ಟರ್ ಕೂಡ ಕೈಕೊಟ್ಟಿತು. ಟ್ಯಾಬ್, ಫೋನು ಎಲ್ಲದರ ಚಾರ್ಜು ಮುಗಿದ ಮೇಲೆ ಅಕ್ಕಪಕ್ಕದ ಮಕ್ಕಳಿಗೆ ನನ್ನ ನೆನಪಾಯಿತು. ಬಂದು ಹಾಲ್‌ನಲ್ಲಿ ಸಾಲಾಗಿ ಕೂತರು. "ಆಂಟಿ, ಕಥೆ ಹೇಳಿ."

ನಾನು ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಕಥೆ ಶುರು ಮಾಡಿದೆ. ಬರಗಾಲ. ಸೌದೆ ಕಡಿಯುವ ಬಡವ, ಅವನಿಗೆ ಇಬ್ಬರು ಮಕ್ಕಳು. ಅವರನ್ನು ಕಾಡಿನಲ್ಲಿ ಬಿಟ್ಟು ಬರುವ ಅಂತ ಅವನಿಗೆ ಹೇಳಿಕೊಡುವವಳು ಮಲತಾಯಿ. ಆದರೆ ನನ್ನೆದುರು ಮೂರನೇ ಮಹಡಿಯ ಹುಡುಗಿಯೂ ಇದ್ದಳು. ಅಮ್ಮ ತೀರಿಕೊಂಡು, ಅಪ್ಪ ಮತ್ತೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹಾಗಾಗಿ "ಅವನ ಹೆಂಡತಿ" ಎಂದಷ್ಟೇ ಹೇಳಿ ಕಥೆಯನ್ನು ಮುಂದಕ್ಕೆ ಓಡಿಸಿದೆ. ಯೂಟ್ಯೂಬಿನಲ್ಲಿ ನೋಡಿದ್ದ ಹುಡುಗನೊಬ್ಬ ಬಿಡಬೇಕಲ್ಲ.

"ಅಲ್ಲ ಆಂಟಿ, ಅವಳು ಸ್ಟೆಪ್‌ಮದರ್!"

ಎಲ್ಲರೂ ಒಟ್ಟಿಗೇ ಆ ಹುಡುಗಿಯ ಕಡೆ ತಿರುಗಿದರು. ಅವಳು ಚಕ್ಕುಲಿ ಮುರಿಯುತ್ತಿದ್ದಳು. ಮುರಿದು, ಬಾಯಿಗೆ ಹಾಕಿ, ಅಗಿದು ಮುಗಿಸಿದ ಮೇಲೆ ಹೇಳಿದಳು. "ನಮ್ಮ ಚಿಕ್ಕಮ್ಮ ಕಾಡಿಗೆಲ್ಲ ಬರುದಿಲ್ಲ. ಅವರಿಗೆ ಉಂಬುಳ (ಜಿಗಣೆ) ಅಂದ್ರೆ ಹೆದರಿಕೆ."

ಕಥೆ ಮುಂದೆ ಹೋಯಿತು. ಮಾಟಗಾತಿಯ ಮನೆಗೆ ಮೂಲದಲ್ಲಿ ಬ್ರೆಡ್ಡಿನ ಗೋಡೆ, ಕೇಕಿನ ಮಾಡು, ಸಕ್ಕರೆಯ ಕಿಟಕಿ. ನಾನು ಅದನ್ನು ನಮ್ಮೂರಿಗೆ ತಂದೆ. ಮುರಕಲ್ಲಿನ ಹಾಗೆ ತೂತು ತೂತಾದ ಮೈಸೂರುಪಾಕಿನ ಗೋಡೆ, ಹಂಚಿನ ಬದಲು ನೆಲಗಡಲೆ ಚಿಕ್ಕಿ. ಇದೇನೂ ನನ್ನ ಸಾಹಸ ಅಲ್ಲ. ಮಂಗಳೂರಿನಲ್ಲಿ ಮೇಷ್ಟ್ರಾಗಿದ್ದ ಪಂಜೆ ಮಂಗೇಶರಾಯರು ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆಯ ಇಲಿಗಳನ್ನೇ ಕನ್ನಡದಲ್ಲಿ ಥಕಥೈ ಕುಣಿಸಿದವರು.

"ಮಳೆ ಬಂದ್ರೆ ಮನೆ ಕರಗುದಿಲ್ವಾ?" ಒಬ್ಬಳಿಗೆ ಸಂಶಯ. ಇರುವೆ ಬರುದಿಲ್ವಾ ಅಂತ ಇನ್ನೊಬ್ಬ. ನಾನು ಉತ್ತರ ಹುಡುಕುವ ಮೊದಲೇ ಅವರಲ್ಲೇ ತೀರ್ಮಾನವಾಯಿತು. ಮಾಟಗಾತಿ ಮೇ ತಿಂಗಳಲ್ಲೇ ಟರ್ಪಾಲು ಕಟ್ಟಿಸಿದ್ದಾಳೆ.

ಗ್ರೆಟೆಲ್ ಅವಳನ್ನು ಒಲೆಯೊಳಗೆ ತಳ್ಳಿದಾಗ ಜೋರು ಚಪ್ಪಾಳೆ. ಮಕ್ಕಳು ಮುತ್ತುರತ್ನ ತುಂಬಿಕೊಂಡು ಮನೆಗೆ ಬಂದರು, ಆ ಹೆಂಡತಿ ಅಷ್ಟರಲ್ಲಿ ಸತ್ತಿದ್ದಳು, ಅಪ್ಪ ಮಕ್ಕಳನ್ನು ಅಪ್ಪಿಕೊಂಡ. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡೆ.

"ಆ ಅಪ್ಪನಿಗೆ ಶಿಕ್ಷೆ ಇಲ್ವಾ?" ಕೇಳಿದವಳು ಮೂರನೇ ಮಹಡಿಯ ಹುಡುಗಿಯೇ.

ಅವನು ಬೇಡ ಬೇಡ ಎಂದಿದ್ದ, ಆಮೇಲೆ ಒಪ್ಪಿಕೊಂಡ ಎಂದೆ. "ಒಪ್ಪಿದ್ದಲ್ವಾ ಮತ್ತೆ?" ಅಂದಳು. ಈ ಕಥೆಯನ್ನು ಎಷ್ಟು ಕಾಲದಿಂದ ಕೇಳಿದ್ದೇನೆ, ಹೇಳಿದ್ದೇನೆ. ಆ ಮನುಷ್ಯ ಸುಮ್ನೆ ಬಚಾವಾಗುವುದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಮಕ್ಕಳು ಚರ್ಚೆ ಮಾಡಿ ಅವನಿಗೂ ಒಂದು ರಾತ್ರಿ ಕಾಡು ಅಂತ ತೀರ್ಪು ಕೊಟ್ಟರು. ಟಾರ್ಚ್ ಕೊಡಬೇಕಾ ಬೇಡವಾ ಎನ್ನುವುದರಲ್ಲಿ ಮಾತ್ರ ಒಮ್ಮತ ಬರಲಿಲ್ಲ.

ಸಂಜೆ ಕರೆಂಟು ಬಂತು, ಅದರ ಹಿಂದೆಯೇ ಫ್ಲ್ಯಾಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ತಾಯಿಯ ಮೆಸೇಜು. ಮುದುಕಿಯನ್ನು ಸುಡುವ ಕಥೆ ಈಗಿನ ಕಾಲದ ಮಕ್ಕಳಿಗೆ ಬೇಕಾ? ಅವರ ಆತಂಕ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ನಮ್ಮ ಮಕ್ಕಳು ನಡುರಾತ್ರಿ ಯಕ್ಷಗಾನ ಬಯಲಾಟದಲ್ಲಿ ದೊಂದಿಗೆ ರಾಳ ಎರಚಿ, ಅಬ್ಬರಿಸುತ್ತಾ ಬರುವ ಬಣ್ಣದ ವೇಷವನ್ನು ಅಜ್ಜನ ತೊಡೆಯ ಮೇಲೆ ಕೂತು ನೋಡಿದವರು. ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವಾಗ ಯಾರೂ ಅವರ ಕಣ್ಣು ಮುಚ್ಚುವುದಿಲ್ಲ. ಒಲೆ ಯಾವ ಲೆಕ್ಕ? ಗ್ರೂಪಿನಲ್ಲಿ ಇಷ್ಟೆಲ್ಲ ಬರೆಯುವುದು ಯಾಕೆ ಅಂತ ಒಂದು ನಗು ಹಾಕಿ ಬಿಟ್ಟೆ.

ನನ್ನನ್ನು ಕಾಡಿದ್ದು ಒಲೆ ಅಲ್ಲ, ಆ ಮಲತಾಯಿ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಕಥಾಸಂಗ್ರಹದ ಮೊದಲ ಆವೃತ್ತಿಯಲ್ಲಿ ಅವಳು ಹೆತ್ತ ತಾಯಿಯೇ. ಸ್ನೋವೈಟ್‌ನ ರಾಣಿಯೂ ಅಷ್ಟೇ. ಮುಂದಿನ ಆವೃತ್ತಿಗಳಲ್ಲಿ ಇಬ್ಬರೂ ಮಲತಾಯಿಯರಾದರು. ಪುಸ್ತಕ ಮನೆಮನೆಯ ಮಕ್ಕಳ ಕೈಗೆ ಹೋಗುತ್ತದೆ, ಅಲ್ಲಿ ಹೆತ್ತವಳನ್ನು ಕೆಟ್ಟವಳೆಂದು ತೋರಿಸುವುದು ಅವರಿಗೆ ಸರಿ ಕಂಡಿರಲಿಕ್ಕಿಲ್ಲ. ಅಂದರೆ ಮಕ್ಕಳಿಗೆ ತಕ್ಕ ಹಾಗೆ ಕಥೆ ತಿದ್ದುವುದು ಈಗಿನವರ ಹೊಸ ರೋಗವೇನಲ್ಲ. ಆದರೆ ತಿದ್ದಿದ್ದು ಎಂಥ ಜಾಗವನ್ನು! ಎಲ್ಲ ಮಕ್ಕಳಿಗೂ ಸಮನಾಗಿ ಮುಟ್ಟುತ್ತಿದ್ದ ಹೆದರಿಕೆಯನ್ನು ತೆಗೆದು, ಹತ್ತು ಮಕ್ಕಳ ನಡುವೆ ಕೂತ ಒಬ್ಬಳ ತಲೆಗೆ ಕಟ್ಟಿದರು. ಇನ್ನು ಈ ಕಥೆ ಹೇಳುವಾಗ ನಾನು 1812ರ ಅಮ್ಮನನ್ನೇ ತರುವವಳು. ಮಾಟಗಾತಿ, ಒಲೆ ಎಲ್ಲ ಇದ್ದ ಹಾಗೇ ಇರಲಿ. ಗ್ರೂಪಿನಲ್ಲಿ ಇನ್ನೂ ಜಾಸ್ತಿ ಮೆಸೇಜು ಬರಬಹುದು, ಬರಲಿ.

ಮರುದಿನ ಲಿಫ್ಟಿನಲ್ಲಿ ಯೂಟ್ಯೂಬ್ ಹುಡುಗನ ಅಪ್ಪ ಸಿಕ್ಕಿದರು. "ನೀವು ಎಂತ ಕಥೆ ಹೇಳಿದ್ದು ಮಾರಾಯ್ರೆ? ಬರಗಾಲ ಬಂದ್ರೆ ನನ್ನನ್ನು ಕಾಡಲ್ಲಿ ಬಿಡ್ತೀಯಾ ಅಂತ ಊಟಕ್ಕೆ ಕೂತವ ಕೇಳ್ತಾನೆ."

"ನೀವು ಎಂತ ಹೇಳಿದ್ರಿ?"

"ಮೊದಲು ಊಟ ಮಾಡು ಅಂದೆ. ಆ ಕಥೆಯ ಅಪ್ಪನೂ ಸರಿಯಾಗಿ ಉತ್ತರ ಕೊಡ್ಲಿಲ್ಲ ಅಂದ."