ವರ್ಸೇಲ್ಸ್‌ಗೆ ಹೋಗೋಣವೇ ಎಂದು ಕೇಳುವವರಿಗೆ

ಪ್ಯಾರಿಸ್‌ಗೆ ಬರುವ ನೆಂಟರಿಷ್ಟರು ಐಫೆಲ್ ಗೋಪುರ, ಲೂವ್ರ್ ಎಲ್ಲ ಮುಗಿಸಿದ ಮೇಲೆ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: “ಇನ್ನೂ ಒಂದು ದಿನ ಕೈಯಲ್ಲಿದೆ, ವರ್ಸೇಲ್ಸ್ ಅರಮನೆಗೆ ಹೋಗಿ ಬರೋಣವೇ?” ಬೇಡ, ಫೋಂತೆನ್‌ಬ್ಲೋ ಊರಿನ ಅರಮನೆಗೆ ಹೋಗಿ ಎನ್ನುತ್ತೇನೆ. ಗಾರ್ ದ ಲಿಯೋನ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು 40 ನಿಮಿಷ. ಇಳಿದ ಮೇಲೆ ಅರಮನೆಗೆ ಬಸ್ಸಿದೆ.

“ಅದು ವರ್ಸೇಲ್ಸ್‌ಗಿಂತ ದೊಡ್ಡದೇ?” ಎಂಬುದು ಮರುಪ್ರಶ್ನೆ. ದೊಡ್ಡದಲ್ಲ, ಆದರೆ 1500ಕ್ಕೂ ಹೆಚ್ಚು ಕೋಣೆಗಳ ಅರಮನೆಯನ್ನು ಚಿಕ್ಕದೆನ್ನಲೂ ಆಗದು. ವರ್ಸೇಲ್ಸ್‌ನಲ್ಲಿ ಎತ್ತ ತಿರುಗಿದರೂ ಅದನ್ನು ಬೆಳೆಸಿದ ದೊರೆ ಹದಿನಾಲ್ಕನೆಯ ಲೂಯಿಯೇ ಎದುರಾಗುತ್ತಾನೆ, ಅವನ ಜೊತೆಗೆ ನಿಮ್ಮನ್ನು ತಳ್ಳಿಕೊಂಡು ಹೋಗುವ ಜನಜಂಗುಳಿ. ಫೋಂತೆನ್‌ಬ್ಲೋವನ್ನು ಒಬ್ಬನೇ ದೊರೆ ಕಟ್ಟಲಿಲ್ಲ. 1528ರಲ್ಲಿ ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸ್ ಇಲ್ಲಿದ್ದ ಹಳೆಯ ಕೋಟೆಮನೆಯನ್ನು ಬದಲಿಸಲು ಹೊರಟ. ರೊಸ್ಸೊ, ಪ್ರಿಮಾಟಿಚ್ಚೊ ಎಂಬ ಇಟಲಿಯ ಕಲಾವಿದರನ್ನು ಕರೆಸಿದ. ಆಮೇಲೆ ಬಂದವರೆಲ್ಲ ತಮ್ಮದೊಂದಿಷ್ಟು ಸೇರಿಸುತ್ತ ಹೋದರು. ರಾಜರು ಮಲಗುತ್ತಿದ್ದ ಕೋಣೆಯಲ್ಲಿ ನೆಪೋಲಿಯನ್ ತನ್ನ ಸಿಂಹಾಸನ ಹಾಕಿಸಿದ. 1804ರಲ್ಲಿ ತನ್ನ ಪಟ್ಟಾಭಿಷೇಕಕ್ಕೆ ಬಂದ ಪೋಪ್ ಏಳನೆಯ ಪಯಸ್ ಅವರನ್ನು ಇಲ್ಲಿ ಸತ್ಕರಿಸಿದವನೂ ಅವನೇ, 1812ರಲ್ಲಿ ಅದೇ ಪೋಪರನ್ನು ತಂದು ಇಲ್ಲಿಯೇ ಸೆರೆಯಲ್ಲಿಟ್ಟವನೂ ಅವನೇ. 1814ರ ಏಪ್ರಿಲ್ 20ರಂದು ಅಧಿಕಾರ ಕಳೆದುಕೊಂಡು, ಕುದುರೆಲಾಳದ ಆಕಾರದ ಮೆಟ್ಟಿಲು ಇಳಿದು ತನ್ನ ಸೈನಿಕರಿಗೆ ವಿದಾಯ ಹೇಳಿದ್ದೂ ಇದೇ ಅರಮನೆಯ ಮುಂದಿನ ಅಂಗಳದಲ್ಲಿ. ಆ ಅಂಗಳಕ್ಕೆ, ತೋಟಗಳಿಗೆ ಟಿಕೆಟ್ ಬೇಕಿಲ್ಲ.

ಒಳಗಿನ ರಂಗಮಂದಿರವನ್ನು ಮಾತ್ರ ಬಿಡಬೇಡಿ. ನೆಪೋಲಿಯನ್‌ನ ತಮ್ಮನ ಮಗ, ಮುಂದೆ ಚಕ್ರವರ್ತಿಯಾದ ಮೂರನೆಯ ನೆಪೋಲಿಯನ್ ಕಟ್ಟಿಸಿ 1857ರಲ್ಲಿ ತೆರೆದದ್ದು, ಸುಮಾರು 400 ಆಸನಗಳು. ಅವನ ಕಾಲದಲ್ಲಿ ಅಲ್ಲಿ ನಡೆದ ಪ್ರದರ್ಶನಗಳು ಹತ್ತು ಹದಿನೈದಕ್ಕಿಂತ ಹೆಚ್ಚಿಲ್ಲ. ಬಳಸದೆ ಮುಚ್ಚಿಟ್ಟಿದ್ದರಿಂದಲೇ ಹಳದಿ ರೇಷ್ಮೆಯ ಅಲಂಕಾರ, ಕುರ್ಚಿ, ರಂಗದ ಹಲಗೆ, ಹಗ್ಗಗಳು ಬಹುಮಟ್ಟಿಗೆ ಆ ಕಾಲದವೇ ಉಳಿದವು. ಅಬುಧಾಬಿಯ ಹಣದಿಂದ ದುರಸ್ತಿಯಾಗಿ, ಕೆಲಸ ಪೂರ್ತಿ ಮುಗಿದದ್ದು 2019ರಲ್ಲಿ. ದೊರೆಗಳ ದುಂದುವೆಚ್ಚ ನಮಗೆ ಲಾಭವಾದದ್ದು ಅಪರೂಪ, ಇಲ್ಲಿ ಆಗಿದೆ.

ಇಷ್ಟಾದರೂ ಅರಮನೆಗೆ ಅರ್ಧ ದಿನ ಸಾಕು. ಮಿಕ್ಕ ಅರ್ಧ ದಿನವನ್ನು ಕಾಡಿಗೆ ಕೊಡಿ, ಏಕೆಂದರೆ ಕಾಡಿನಿಂದಾಗಿಯೇ ಅರಮನೆ. ರಾಜರು ಇಲ್ಲಿಗೆ ಬರುತ್ತಿದ್ದದ್ದು ಬೇಟೆಗೆ. ಅವರ ಬೇಟೆಯ ಹುಚ್ಚು ಎಷ್ಟೋ ಮರಗಳನ್ನು ಕೊಡಲಿಯಿಂದ ಉಳಿಸಿತು. ಕಲ್ಲುಗಳಿಗೆ ಆ ಭಾಗ್ಯವಿರಲಿಲ್ಲ. ಪ್ಯಾರಿಸ್‌ನ ಬೀದಿಗಳಿಗೆ ಹಾಸಿದ ಮರಳುಗಲ್ಲನ್ನು ಇಲ್ಲಿಯೂ ಒಡೆದು ತೆಗೆದರು. ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ಓಕ್ ಮರಗಳನ್ನು ಉರುಳಿಸಿ ಪೈನ್ ನೆಡಲು ಅರಣ್ಯ ಇಲಾಖೆ ಹೊರಟಾಗ ಅಡ್ಡ ನಿಂತವರು ಕಾಡಂಚಿನ ಬಾರ್ಬಿಜೋನ್ ಹಳ್ಳಿಯ ಚಿತ್ರಕಾರರು. ಅವರಲ್ಲೊಬ್ಬನಾದ ತೆಯೊಡೋರ್ ರೂಸೋ ಮೂರನೆಯ ನೆಪೋಲಿಯನ್‌ನವರೆಗೆ ದೂರು ಒಯ್ದ. 1861ರಲ್ಲಿ ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಕಾಡನ್ನು ಅದರ ಚೆಲುವಿಗಾಗಿಯೇ ಕಾಯ್ದಿರಿಸುವ ಆಜ್ಞೆ ಹೊರಬಿತ್ತು. ಅಮೆರಿಕದ ಯೆಲ್ಲೋಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವಾದದ್ದು ಅದಾಗಿ 11 ವರ್ಷಕ್ಕೆ. ಅರಣ್ಯ ರಕ್ಷಣೆಯ ಚರಿತ್ರೆಯನ್ನು ಯೆಲ್ಲೋಸ್ಟೋನ್‌ನಿಂದಲೇ ಶುರುಮಾಡುವವರಿಗೆ ಈ ಚಿತ್ರಕಾರರ ನೆನಪಾಗುವುದಿಲ್ಲ ಎಂಬುದು ನನ್ನ ಹಳೆಯ ತಕರಾರು.

ಬಂಡೆಗಳ ಮೇಲೆ ಬಣ್ಣದ ಬಾಣ, ಅಂಕಿಗಳನ್ನು ಕಂಡರೆ ಯಾರೋ ಪುಂಡರು ಗೀಚಿದ್ದೆಂದು ಬಗೆಯಬೇಡಿ. ಅವು ಬಂಡೆ ಹತ್ತುವವರ ದಾರಿಗಳು. ಒಂದೊಂದು ಬಣ್ಣ ಒಂದೊಂದು ಮಟ್ಟದ ಕಷ್ಟಕ್ಕೆ. ಬಿದ್ದರೆ ಪೆಟ್ಟಾಗದಂತೆ ಬಂಡೆಯ ಕೆಳಗೆ ಹಾಸುವ ದಪ್ಪ ಹಾಸಿಗೆಯನ್ನು ಬೆನ್ನಿಗೆ ಹೊತ್ತು ನಡೆಯುವವರನ್ನು ಹಂಪಿಯಲ್ಲಿ ನೋಡಿದ್ದರೆ ಈ ಬಳಗದ ಗುರುತು ನಿಮಗೆ ಸಿಗುತ್ತದೆ. ಹಂಪಿಯದು ಗ್ರಾನೈಟ್, ಇಲ್ಲಿಯದು ಮರಳುಗಲ್ಲು. ಮಳೆ ನೆನೆದ ಮರಳುಗಲ್ಲು ಮೆತ್ತಗಾಗಿ ಹಿಡಿಕೆಗಳು ಮುರಿಯುತ್ತವೆ, ಆದ್ದರಿಂದ ಕಲ್ಲು ಒಣಗುವವರೆಗೆ ಹತ್ತುವಂತಿಲ್ಲ. ನಡೆಯುವುದಷ್ಟೇ ಸಾಕೆನ್ನುವವರಿಗೆ ನೀಲಿ ಗುರುತಿನ ಕಾಲುದಾರಿಗಳಿವೆ. ನೆಪೋಲಿಯನ್‌ನ ಸೈನ್ಯದಲ್ಲಿದ್ದ ದನೆಕೂರ್ ಎಂಬಾತ 1840ರ ದಶಕದಲ್ಲಿ ಇವುಗಳನ್ನು ಗುರುತಿಸತೊಡಗಿದ.

ವರ್ಸೇಲ್ಸ್‌ನ ಕನ್ನಡಿ ಸಭಾಂಗಣವನ್ನು ಶಾಲಾ ಪುಸ್ತಕದಲ್ಲಿ ಕಂಡು ಆಸೆಪಟ್ಟವರನ್ನು ನಾನು ತಡೆಯುವುದಿಲ್ಲ, ಹೋಗಿ ಬನ್ನಿ. ಉಳಿದವರಿಗೆ ಮೂರೇ ಮಾತು. ಫೋಂತೆನ್‌ಬ್ಲೋ ಅರಮನೆಗೆ ಮಂಗಳವಾರ ರಜೆ. ಕಾಡಿನಲ್ಲಿ ಉಣ್ಣಿಗಳ ಕಾಟವಿದೆ, ಉದ್ದ ಪ್ಯಾಂಟ್ ಹಾಕಿಕೊಳ್ಳಿ. ಅಲ್ಲಿ ಅಂಗಡಿಗಳನ್ನು ನಂಬಿಕೊಳ್ಳದೆ ಬುತ್ತಿ, ನೀರು ಕಟ್ಟಿಕೊಂಡೇ ಹೊರಡಿ.