ಕೊಡಗು ಬಿಟ್ಟು ಆ ಬಯಲಿಗೆ ಯಾಕೆ ಹೋದಿರಿ?

ಮದುವೆ ಮನೆಯಲ್ಲಿ, ಗೋಣಿಕೊಪ್ಪದ ಸಂತೆಯಲ್ಲಿ, ಎಲ್ಲಿ ಸಿಕ್ಕರೂ ನಮ್ಮವರು ಕೇಳುವುದು ಒಂದೇ: "ಇಷ್ಟು ಹಸಿರಿರುವ ಊರು ಬಿಟ್ಟು ಆ ಮರುಭೂಮಿಗೆ ಯಾಕೆ ಹೋದಿರಿ? ಅಲ್ಲಿ ನೋಡುವುದಕ್ಕೆ ಏನಿದೆ?" ನಾನೂ ನನ್ನ ಪತ್ನಿಯೂ, ಒಳಗೇ ಅಡುಗೆ ಮಾಡಿ ಮಲಗಬಹುದಾದ ಬಾಡಿಗೆಯ ಮೋಟರ್‌ಹೋಮ್‌ನಲ್ಲಿ ಆಸ್ಟ್ರೇಲಿಯಾದ ನಲ್ಲಾರ್‌ಬರ್ ಬಯಲನ್ನು ದಾಟಿದ್ದರ ಬಗ್ಗೆ ಈ ಪ್ರಶ್ನೆ. ಪೋರ್ಟ್ ಆಗಸ್ಟಾದಿಂದ ಪಶ್ಚಿಮದ ನಾರ್ಸ್‌ಮನ್‌ವರೆಗೆ ಐರ್ ಹೆದ್ದಾರಿ 1,600 ಕಿ.ಮೀ. ದಾಟುತ್ತದೆ.

ನೋಡುವುದಕ್ಕೆ ಇರುವುದು ನೆಲ. ಕೊಡಗಿನಲ್ಲಿ ನೆಲ ಕಣ್ಣಿಗೆ ಬೀಳುವುದೇ ಅಪರೂಪ. ಮರ, ಮೆಣಸಿನ ಬಳ್ಳಿ, ಕಾಫಿ ಗಿಡ, ಮಂಜು ಎಲ್ಲವೂ ಅದನ್ನು ಮುಚ್ಚಿರುತ್ತವೆ. ಆ ಬಯಲಿನಲ್ಲಿ ಸುಮಾರು ಎರಡು ಲಕ್ಷ ಚದರ ಕಿ.ಮೀ. ಉದ್ದಗಲಕ್ಕೂ ಸುಣ್ಣಕಲ್ಲು. ಒಂದು ಕಾಲದ ಸಮುದ್ರತಳವದು. ಬೀಳುವ ಅಷ್ಟಿಷ್ಟು ಮಳೆಯೂ ಕಲ್ಲಿನ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಬಯಲಿನ ಮೇಲೆ ಒಂದು ಹೊಳೆಯೂ ಹರಿಯುವುದಿಲ್ಲ. ಕಾವೇರಿ ಹುಟ್ಟುವ ಜಿಲ್ಲೆಯವನಾದ ನನಗೆ ಇದನ್ನು ಕಣ್ಣಾರೆ ಕಾಣುವ ಆಸೆ ಬಹಳ ಹಳೆಯದು.

ಗಾಡಿಯ ಟ್ಯಾಂಕಿನಲ್ಲಿದ್ದ ನೀರೇ ನಮ್ಮ ದಿನಚರಿಯನ್ನು ನಿರ್ಧರಿಸುತ್ತಿತ್ತು. ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಅದರಲ್ಲೇ ತಟ್ಟೆಯ ಜಿಡ್ಡು ತೆಗೆಯುತ್ತಿದ್ದೆವು. ಇಂಧನ, ಊಟ, ವಸತಿ ಸಿಗುವ ರೋಡ್‌ಹೌಸ್‌ಗಳ ನಡುವೆ ಕೆಲವೆಡೆ 180 ಕಿ.ಮೀ.ಗೂ ಹೆಚ್ಚು ಅಂತರವಿದೆ. ಅಲ್ಲಿ ನೀರಿನ ಟ್ಯಾಂಕ್ ತುಂಬಿಸಿಕೊಳ್ಳಬಹುದೆಂದು ನಂಬಿ ಹೊರಡಬಾರದು. ಪಶ್ಚಿಮ ಆಸ್ಟ್ರೇಲಿಯಾದ ಗಡಿಯಲ್ಲಿ ತಪಾಸಣೆಯುಂಟು. ಹಸಿ ಹಣ್ಣು, ತರಕಾರಿ, ಜೇನು ಒಳಗೆ ಬಿಡುವುದಿಲ್ಲ. ಹಿಂದಿನ ರಾತ್ರಿಯೇ ಉಳಿದ ತರಕಾರಿಯನ್ನೆಲ್ಲ ಹೆಚ್ಚಿ ಹುಳಿ ಮಾಡಿ ಮುಗಿಸಿದೆವು.

ಗಡಿ ದಾಟಿದ ಮೇಲೆ ಯೂಕ್ಲಾ ಸಿಗುತ್ತದೆ. ನನ್ನ ಮಟ್ಟಿಗೆ ಇಡೀ ದಾರಿಯಲ್ಲಿ ತಪ್ಪದೆ ನೋಡಬೇಕಾದದ್ದು ಇದೇ. 1877ರಲ್ಲಿ ಶುರುವಾದ ಟೆಲಿಗ್ರಾಫ್ ಕಚೇರಿಯ ಕಲ್ಲುಗೋಡೆಗಳು ಇಲ್ಲಿ ಮರಳಿನಲ್ಲಿ ಹೂತು ನಿಂತಿವೆ. ಮರಳು ಮೊದಲಿನಿಂದಲೂ ಹೀಗೆ ಅಲೆಯುತ್ತಿರಲಿಲ್ಲ. ಹೊರಗಿನಿಂದ ಬಂದ ಮೊಲಗಳು 1890ರ ದಶಕದಲ್ಲಿ ದಿಬ್ಬಗಳ ಮೇಲಿನ ಹುಲ್ಲು, ಪೊದೆಗಳನ್ನು ತಿಂದು ಬೋಳಾಗಿಸಿದವು. ಬೇರಿನ ಹಿಡಿತ ತಪ್ಪಿದ ಮರಳು ಗಾಳಿಗೆ ಸಿಕ್ಕಿ ಊರಿನ ಮೇಲೆ ಬಂತು. ಕಿಟಕಿಯ ಚೌಕದವರೆಗೆ ಏರಿದ ಮರಳನ್ನು ಮುಟ್ಟಿ ನೋಡಿದೆ, ಹಿಟ್ಟಿನಷ್ಟು ನುಣುಪು. ಇಳಿಜಾರಿನಲ್ಲಿ ತೋಟ ಇಟ್ಟುಕೊಂಡವರಿಗೆ ಬೇರು ಏನನ್ನು ಹಿಡಿದಿಟ್ಟಿರುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಆದರೂ ಅದನ್ನು ಅಲ್ಲಿ ಹೋಗಿ ನೋಡಿ.

ಮುಂದೆ ಕೈಗುನಾದಿಂದ 146.6 ಕಿ.ಮೀ. ಒಂದೂ ತಿರುವಿಲ್ಲದ ರಸ್ತೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಅಷ್ಟೆ! ಬೇಸರವಾಗಲಿಲ್ಲವೇ ಎನ್ನುತ್ತಾರೆ. ಇಲ್ಲ. ಎದುರಿನಿಂದ ರೋಡ್‌ಟ್ರೇನ್ ಎನ್ನುವ ಉದ್ದನೆಯ ಲಾರಿ ಹಾದಾಗಲೆಲ್ಲ ಅದರ ಗಾಳಿಗೆ ನಮ್ಮ ಗಾಡಿ ಪಕ್ಕಕ್ಕೆ ವಾಲುತ್ತಿತ್ತು, ಎರಡೂ ಕೈ ಸ್ಟೇರಿಂಗ್ ಮೇಲೇ ಇರಬೇಕು. ಕತ್ತಲಾದ ಮೇಲೆ ಕಾಂಗರೂಗಳು ರಸ್ತೆಗೆ ಬರುವುದರಿಂದ ಸಂಜೆಗೆ ಮುನ್ನವೇ ನಿಲ್ಲಿಸುತ್ತಿದ್ದೆವು.

ಹೋಗುವ ಮನಸ್ಸಿದ್ದರೆ ನಮ್ಮ ಮಳೆಗಾಲದಲ್ಲೇ ಹೊರಡಿ. ಕಾಫಿ ಕೊಯ್ಲಿನ ಗಡಿಬಿಡಿ ಆಗ ಇರುವುದಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಮಿಂಗಿಲಗಳು ಮರಿಗಳೊಂದಿಗೆ ಇದೇ ದಾರಿಯ ಸಮೀಪದ ಹೆಡ್ ಆಫ್ ಬೈಟ್‌ನ ಕಡಲಿಗೆ ಬಂದಿರುತ್ತವೆ, ದಡದಿಂದಲೇ ಕಾಣುತ್ತವೆ. ಅಲ್ಲಿ ಅದು ಚಳಿಗಾಲ. ದಪ್ಪ ಕಂಬಳಿ ಮರೆಯಬೇಡಿ.